ರದ್ದಿಗೆ ಬಿದ್ದ ಕುರ್ಚಿ, ಹರಾಜಿಗೆದ್ದ ಕುರ್ಚಿ

ಪ್ಯಾರಿಸ್ಸು, ಲಂಡನ್ನು, ನ್ಯೂಯಾರ್ಕು ಮೊದಲಾದ ನಗರಗಳ ಹರಾಜು ಮನೆಗಳಲ್ಲಿ ಕೆಲವು ವರ್ಷಗಳಿಂದ ಒಂದು ವಿಚಿತ್ರ ವ್ಯಾಪಾರ ನಡೆಯುತ್ತಿದೆ. ಅಲ್ಲಿ ಮಾರಾಟಕ್ಕೆ ಬರುವುದು ರಾಜಮನೆತನದ ವಜ್ರವಲ್ಲ, ದೇವಾಲಯದಿಂದ ಕದ್ದ ಕಂಚಿನ ವಿಗ್ರಹವಲ್ಲ. ನಮ್ಮ ಗುಮಾಸ್ತರು ಕುಳಿತು ಕಡತ ಬರೆದ ಬೆತ್ತದ ಕುರ್ಚಿ, ನಮ್ಮ ವಿದ್ಯಾರ್ಥಿಗಳು ಮೊಣಕೈಯೂರಿ ಓದಿದ ಮೇಜು. ಅವುಗಳ ಬೆನ್ನಿನ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಕಚೇರಿಯ ಹೆಸರೂ ದಾಸ್ತಾನಿನ ಸಂಖ್ಯೆಯೂ ಹಾಗೆಯೇ ಇರುತ್ತವೆ. ಕೊಳ್ಳುವವರು ಅದನ್ನು ಅಳಿಸುವುದಿಲ್ಲ. ಅದೇ ವಸ್ತುವಿನ ಸಾಚಾತನಕ್ಕೆ ಸಾಕ್ಷಿ. ಒಂದು ಜೊತೆ ಕುರ್ಚಿಗೆ ಸಾವಿರಾರು ಡಾಲರು ಬೆಲೆ ಕಟ್ಟಿ ಕೊಂಡೊಯ್ದ ಸಿರಿವಂತರು ಅವನ್ನು ತಮ್ಮ ಊಟದ ಮೇಜಿನ ಸುತ್ತ ಇರಿಸಿಕೊಳ್ಳುತ್ತಾರೆ. ಚಂಡೀಗಢದ ಸರಕಾರಿ ಕಚೇರಿಯಲ್ಲಿ ‘ನಿರುಪಯೋಗಿ’ ಎಂಬ ಷರಾ ಬರೆಸಿಕೊಂಡು ಮಹಡಿಯ ಮೇಲೆ ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಬಿದ್ದಿದ್ದ ವಸ್ತುವಿಗೆ ಬಂದ ಭಾಗ್ಯವಿದು.

ಇದನ್ನು ಕಂಡು ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತಿದೆ. ಇದು ನಮ್ಮ ಸಂಪತ್ತಿನ ಲೂಟಿ, ವಿದೇಶೀ ವರ್ತಕರ ಕಳ್ಳತನ ಎಂಬುದು ಒಂದು. ಹಳೆಯ ಕುರ್ಚಿಗಾಗಿ ಇಷ್ಟು ಗದ್ದಲವೇಕೆ, ಕೊಂಡವನು ಹುಚ್ಚ, ಮಾರಿದವನು ಜಾಣ ಎಂಬುದು ಇನ್ನೊಂದು. ಎರಡರಲ್ಲಿಯೂ ಅರೆಸತ್ಯವಿದೆ. ಪೂರ್ಣ ಸತ್ಯವನ್ನು ಅರಿಯಬೇಕಾದರೆ ಕುರ್ಚಿಯ ಕಥೆಯನ್ನು ಮೊದಲಿನಿಂದ ನೋಡಬೇಕು.

೧೯೪೭ರ ದೇಶವಿಭಜನೆಯಲ್ಲಿ ಲಾಹೋರು ಪಾಕಿಸ್ತಾನಕ್ಕೆ ಸೇರಿತು. ಭಾರತದ ಪಂಜಾಬಿಗೆ ರಾಜಧಾನಿ ಇಲ್ಲವಾಯಿತು. ಹೊಸ ನಗರವನ್ನು ಕಟ್ಟಲು ಬಂದ ಲ ಕಾರ್ಬೂಸಿಯೆಯ ಹೆಸರು ಜಗತ್ತಿಗೇ ಗೊತ್ತು. ಅವನು ವರ್ಷಕ್ಕೆ ಕೆಲವು ವಾರ ಬಂದು ಹೋಗುತ್ತಿದ್ದ. ಊರಿನಲ್ಲಿ ನೆಲೆನಿಂತು ಕೆಲಸ ಮಾಡಿಸಿದವನು ಅವನ ದಾಯಾದಿ ಪಿಯೆರ್ ಜನೆರೆ. ೧೯೫೧ರಲ್ಲಿ ಬಂದ ಈ ಸ್ವಿಸ್ ವಾಸ್ತುಶಿಲ್ಪಿ ೧೯೬೫ರ ವರೆಗೆ ಅಲ್ಲಿಯೇ ಇದ್ದು, ೧೯೬೭ರಲ್ಲಿ ಜಿನೀವಾದಲ್ಲಿ ತೀರಿಕೊಂಡ. ಅವನ ಚಿತಾಭಸ್ಮವನ್ನು ತಂದು ಚಂಡೀಗಢದ ಸುಖ್ನಾ ಸರೋವರದಲ್ಲಿ ಬಿಟ್ಟರು. ಆ ಊರನ್ನು ಅವನು ಎಷ್ಟು ತನ್ನದಾಗಿಸಿಕೊಂಡಿದ್ದನೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಸೆಕ್ರೆಟರಿಯೇಟು, ಹೈಕೋರ್ಟು, ವಿಧಾನಸಭೆ, ವಿಶ್ವವಿದ್ಯಾನಿಲಯ, ಗ್ರಂಥಾಲಯ, ವಿದ್ಯಾರ್ಥಿನಿಲಯ, ನೌಕರರ ವಸತಿ, ಎಲ್ಲವೂ ಹೊಸತು. ಎಲ್ಲಕ್ಕೂ ಸಾವಿರ ಸಾವಿರ ಸಂಖ್ಯೆಯಲ್ಲಿ ಕುರ್ಚಿ ಮೇಜುಗಳು ಬೇಕು. ವಿದೇಶದಿಂದ ತರಿಸಲು ಹಣವಿಲ್ಲ. ಉಕ್ಕನ್ನು ಬಾಗಿಸುವ, ತೆಳುಹಲಗೆಯನ್ನು ಒತ್ತಿ ಆಕಾರ ಕೊಡುವ ಯಂತ್ರಗಳಿಲ್ಲ. ಇದ್ದುದು ಸಾಗುವಾನಿ, ಶೀಶಮ್, ಬೆತ್ತ, ಬಿದಿರು, ಹಗ್ಗ, ಮತ್ತು ಉಳಿ ಗರಗಸಗಳನ್ನು ಬಲ್ಲ ಬಡಗಿಗಳು. ಜನೆರೆಯೂ ಅವನ ಜೊತೆಗಿದ್ದ ಯೂಲಿ ಚೌಧುರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಇದ್ದುದರೊಳಗೇ ಆಗಬಹುದಾದ ವಿನ್ಯಾಸಗಳನ್ನು ಬರೆದರು. ನಕ್ಷೆಗಳು ಟೆಂಡರಿನ ಮೂಲಕ ಊರೂರಿನ ಮರಗೆಲಸದ ಅಂಗಡಿಗಳಿಗೆ ಹೋದವು. ಒಂದೇ ನಕ್ಷೆಯಿಂದ ಹತ್ತು ಅಂಗಡಿಗಳಲ್ಲಿ ಹುಟ್ಟಿದ ಕುರ್ಚಿಗಳಲ್ಲಿ ಒಂದರ ಕಾಲು ತುಸು ದಪ್ಪ, ಇನ್ನೊಂದರ ತೋಳು ತುಸು ಅಗಲ. ಇಂದಿನ ಪರಿಣತರು ಈ ಭೇದಗಳನ್ನು ಅಳೆದು ನೋಡಿ ಪಂಡಿತಚರ್ಚೆ ನಡೆಸುತ್ತಾರೆ. ಅಂದಿನ ಬಡಗಿಗೆ ಅದು ಕೈಗೆ ಸಿಕ್ಕ ಮರದ ತುಂಡಿನ ಪ್ರಶ್ನೆ ಮಾತ್ರವಾಗಿತ್ತು.

ಈ ಕುರ್ಚಿಯ ಗುಣವೇನೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಲೇಸು. ಏಕೆಂದರೆ ಬೆಲೆಯ ಬಗ್ಗೆ ಬರೆಯುವ ಪತ್ರಿಕೆಗಳು ಮರದ ಬಗ್ಗೆ ಬರೆಯುವುದು ಅಪರೂಪ.

ಸಾಮಾನ್ಯವಾದ ಮರದ ಕುರ್ಚಿಯೊಂದು ಎಲ್ಲಿ ಮುರಿಯುತ್ತದೆ? ಪೀಠದ ಪಟ್ಟಿ ಹಿಂಗಾಲಿಗೆ ಸೇರುವ ಎಡೆಯಲ್ಲಿ. ಊಟ ಮುಗಿದ ಮೇಲೆ ಮನುಷ್ಯನು ಹಿಂದಕ್ಕೊರಗಿ ಮುಂಗಾಲುಗಳನ್ನು ನೆಲದಿಂದೆತ್ತುತ್ತಾನೆ. ಅವನ ಮೈಭಾರವೆಲ್ಲ ಸನ್ನೆಕೋಲಿನಂತೆ ಆ ಒಂದು ಸಂದಿನ ಮೇಲೆ ಬೀಳುತ್ತದೆ. ದಿನಕ್ಕೆರಡು ಬಾರಿ, ವರ್ಷಗಟ್ಟಲೆ ಇದು ನಡೆದರೆ ಅಂಟು ಬಿಡುತ್ತದೆ, ಸಂದು ಸಡಿಲವಾಗುತ್ತದೆ, ಕುರ್ಚಿ ಕಿರುಗುಟ್ಟತೊಡಗುತ್ತದೆ. ಚಂಡೀಗಢದ ಕುರ್ಚಿಯಲ್ಲಿ ಮುಂಗಾಲೂ ಹಿಂಗಾಲೂ ಮೇಲೆ ತೋಳಿನ ಕೆಳಗೆ ಒಂದೆಡೆ ಕೂಡುತ್ತವೆ, ಕೆಳಗೆ ಕವಲೊಡೆದು ನಿಲ್ಲುತ್ತವೆ. ರೇಖಾಗಣಿತದ ಪೆಟ್ಟಿಗೆಯಲ್ಲಿನ ಕೈವಾರವನ್ನು ಬಿಡಿಸಿ ನಿಲ್ಲಿಸಿದ ಹಾಗೆ. ನಡುವೆ ಪೀಠವನ್ನು ಹೊರುವ ಅಡ್ಡಪಟ್ಟಿ ಸೇರಿದೊಡನೆ ಅಲ್ಲೊಂದು ತ್ರಿಕೋಣವಾಗುತ್ತದೆ. ಚೌಕವನ್ನು ಓರೆಯಾಗಿ ತಳ್ಳಿದರೆ ವಾಲುತ್ತದೆ, ತ್ರಿಕೋಣ ವಾಲದು. ಸೇತುವೆಯ ಉಕ್ಕಿನ ಚೌಕಟ್ಟಿಗೂ ಮಾಡಿನ ಜಂತೆಗೂ ಬಲ ಬರುವುದು ಇದರಿಂದಲೇ. ಹೀಗಾಗಿ, ಸಾಧಾರಣ ಕೈಗಾರಿಕೆಯ ಬಡಗಿ ಮಾಡಿದ ಸಂದೂ ಇಲ್ಲಿ ತಾಳಿತು. ಒಳ್ಳೆಯ ವಿನ್ಯಾಸವೆಂದರೆ ಅತ್ಯುತ್ತಮ ಕುಶಲಿಗಾಗಿ ಬರೆದದ್ದಲ್ಲ. ಸಾಧಾರಣ ಕುಶಲಿಯ ಕೈಯಲ್ಲಿಯೂ ಕೆಡದಿರುವುದು. ಈ ಕುರ್ಚಿಯ ನಿಜವಾದ ಹೆಚ್ಚಳ ಇದೆಂದು ನನಗೆ ತೋರುತ್ತದೆ. ಅದರ ಚೆಲುವು ಆ ಮೇಲಿನದು.

ಮರದ ಆಯ್ಕೆಯಲ್ಲಿಯೂ ಅದೇ ವಿವೇಕವಿದೆ. ಮರವು ಕಡಿದ ಮೇಲೂ ಸುಮ್ಮನಿರುವುದಿಲ್ಲ. ಮಳೆಗಾಲದ ತೇವವನ್ನು ಹೀರಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಚಲನೆ ಲೆಕ್ಕಕ್ಕಿಲ್ಲದಷ್ಟು ಅಲ್ಪ, ಅಡ್ಡಕ್ಕೆ ಹೆಚ್ಚು. ಅದರಲ್ಲಿಯೂ ವರ್ಷಬಳೆಯ ಗುಂಟ ಆಗುವ ಕುಗ್ಗುವಿಕೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಹಲಗೆಗಳು ಬಾಗುವುದೂ ಬಿರಿಯುವುದೂ ಈ ವ್ಯತ್ಯಾಸದಿಂದಲೇ. ಪಂಜಾಬಿನ ಮೇ ತಿಂಗಳ ಬಿಸಿಗಾಳಿ, ಜುಲೈ ತಿಂಗಳ ಜಡಿಮಳೆ, ಜನವರಿಯ ಮಂಜು ಇವುಗಳ ನಡುವೆ ಮರ ವರ್ಷಕ್ಕೆ ಮೂರು ಅವಸ್ಥೆಗಳನ್ನು ಅನುಭವಿಸಬೇಕು. ಸಾಗುವಾನಿ ಇತರ ಮರಗಳಿಗಿಂತ ಕಡಮೆ ಚಲಿಸುತ್ತದೆ. ಅದರೊಳಗಿನ ಎಣ್ಣೆಯಂಶ ಗೆದ್ದಲನ್ನು ದೂರವಿಡುತ್ತದೆ. ಆದರೆ ಅದರಲ್ಲಿ ಮರಳಿನ ಅಂಶವೂ ಉಂಟು. ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಸಾಗುವಾನಿಯ ಕೆಲಸ ಮಾಡಿದ ಬಡಗಿ ದಿನದಲ್ಲಿ ಎಷ್ಟು ಹೊತ್ತು ಮರ ಕೆತ್ತಿದನೆಂದು ಕೇಳುವಾಗ ಎಷ್ಟು ಹೊತ್ತು ಸಾಣೆಯ ಮುಂದೆ ಕುಳಿತನೆಂದೂ ಕೇಳಬೇಕು.

ಊಟದ ಮೇಜು ಬಡಗಿಗೆ ಕುರ್ಚಿಗಿಂತ ಕಠಿನವಾದ ಪರೀಕ್ಷೆ. ಅದರ ಮೇಲ್ಮೈ ಅಗಲ. ಅಗಲವಾದಷ್ಟೂ ಚಲನೆ ಹೆಚ್ಚು. ನಾಲ್ಕೈದು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಬೆಳಕಿಗೆ ಹಿಡಿದರೆ ಎಳೆಯಷ್ಟೂ ಸಂದು ಕಾಣದಂತೆ ಅಂಟಿಸಬೇಕು. ಹೀಗೆ ಕೂಡಿಸಿದ ಮೈಯನ್ನು ಕೆಳಗಿನ ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದರೆ ಒಂದೆರಡು ಋತುಗಳಲ್ಲಿ ನಡುವೆ ಬಿರುಕು ಬಿಡುವುದು ಖಂಡಿತ. ಬಲ್ಲ ಬಡಗಿ ಅದನ್ನು ಹಿಡಿದೂ ಹಿಡಿಯದಂತೆ ನಿಲ್ಲಿಸುತ್ತಾನೆ. ಚೌಕಟ್ಟಿನ ಒಳಮೈಯಲ್ಲಿ ಗಾಡಿ ತೋಡಿ, ಚಿಕ್ಕ ಮರದ ಕೊಂಡಿಗಳನ್ನು ಅದರೊಳಗೆ ಸಿಕ್ಕಿಸಿ ಅವನ್ನು ಮೇಲ್ಹಲಗೆಗೆ ತಿರುಪಿನಿಂದ ಬಂಧಿಸುತ್ತಾನೆ. ಹಲಗೆ ಹಿಗ್ಗಿದಾಗ ಕೊಂಡಿ ಸರಿಯುತ್ತದೆ, ಕುಗ್ಗಿದಾಗ ಮರಳುತ್ತದೆ; ಮೇಲೆ ಕುಳಿತು ಉಣ್ಣುವವನಿಗೆ ಇದೊಂದೂ ತಿಳಿಯದು. ಇಂದು ಅಂಗಡಿಗಳಲ್ಲಿ ಮೆರೆಯುವ ಮರದ ಪುಡಿಯನ್ನೊತ್ತಿ ಮಾಡಿದ ಹಲಗೆಗೆ ಈ ಚಲನೆಯಿಲ್ಲ, ನಿಜ. ಆದರೆ ಒಮ್ಮೆ ನೀರು ಹೊಕ್ಕರೆ ಅದು ಉಬ್ಬಿ ಉದುರಿಹೋಗುತ್ತದೆ, ತಿರುಪು ಕಿತ್ತರೆ ಮತ್ತೆ ಹಿಡಿಯದು. ಅದನ್ನು ದುರಸ್ತಿ ಮಾಡುವ ಬಡಗಿ ಇನ್ನೂ ಹುಟ್ಟಿಲ್ಲ. ಗಟ್ಟಿಮರದ ಮೇಜಿಗೋ, ಐವತ್ತು ವರ್ಷಗಳ ಗಾಯಗಳನ್ನು ಒಂದು ದಿನದ ಕೀಸುಳಿಯ ಕೆಲಸದಿಂದ ಅಳಿಸಬಹುದು.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಊಟದ ಮೇಜು ನಮಗೆ ಹಳೆಯದಲ್ಲ. ನಮ್ಮವರ ಊಟದ ಪೀಠೋಪಕರಣವೆಂದರೆ ಹಲಸಿನ ಮರದ ಮಣೆ ಒಂದೇ. ನೆಲದಿಂದ ನಾಲ್ಕು ಬೆರಳು ಮೇಲಕ್ಕೆ ಎತ್ತುವ ಈ ಹಲಗೆಯ ಕೆಳಗೆ ಎರಡು ಅಡ್ಡಪಟ್ಟಿಗಳಿರುತ್ತವಲ್ಲ, ಅವೂ ಮರ ಬಾಗದಂತೆ ತಡೆಯುವ ಉಪಾಯವೇ. ಮಣೆ ಮಾಡಿದ ಬಡಗಿಗೂ ಮೇಜು ಮಾಡಿದ ಬಡಗಿಗೂ ವಿದ್ಯೆ ಒಂದೇ. ಎತ್ತರ ಮಾತ್ರ ಬೇರೆ.

ಚಂಡೀಗಢದ ಕುರ್ಚಿಗಳು ಹುಟ್ಟುತ್ತಿದ್ದ ಕಾಲಕ್ಕೇ ಭೂಮಿಯ ಇನ್ನೊಂದು ಮೂಲೆಯಲ್ಲಿ, ಡೆನ್ಮಾರ್ಕಿನಲ್ಲಿ, ಗಟ್ಟಿಮರದ ಕುರ್ಚಿ ಮೇಜುಗಳು ಲೋಕಪ್ರಸಿದ್ಧವಾಗುತ್ತಿದ್ದವು. ಈ ಎರಡನ್ನೂ ಹೋಲಿಸಿದಾಗಲೇ ನಮ್ಮ ಲೋಪ ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಕೋಪನ್‌ಹೇಗನ್ನಿನ ಮರಗೆಲಸಗಾರರ ಸಂಘ ೧೯೨೭ರಿಂದ ೧೯೬೬ರ ವರೆಗೆ ಪ್ರತಿವರ್ಷ ಪ್ರದರ್ಶನ ನಡೆಸಿತು. ಅಲ್ಲಿ ವಿನ್ಯಾಸ ಬರೆದವನ ಹೆಸರಿನ ಜೊತೆಗೆ ಅದನ್ನು ಮಾಡಿದ ಬಡಗಿಯ ಹೆಸರೂ ಇರುತ್ತಿತ್ತು. ಹಾನ್ಸ್ ವೆಗ್ನರನ ೧೯೪೯ರ ದುಂಡುಕುರ್ಚಿಯನ್ನು ಮಾಡಿದವನು ಯೊಹಾನೆಸ್ ಹಾನ್ಸೆನ್. ಫಿನ್ ಯೂಲನ ಕುರ್ಚಿಗಳನ್ನು ಮಾಡಿದವನು ನೀಲ್ಸ್ ವೋಡರ್. ಇವರ ಹೆಸರುಗಳು ಇಂದಿಗೂ ಮರದ ಮೇಲೆ ಸುಟ್ಟೊತ್ತಿದ ಮುದ್ರೆಗಳಲ್ಲಿ ಉಳಿದಿವೆ. ವೆಗ್ನರನಾದರೂ ಚಿಕ್ಕಂದಿನಲ್ಲೇ ಬಡಗಿಯೊಬ್ಬನ ಬಳಿ ಶಿಷ್ಯನಾಗಿ ನಿಂತು ಉಳಿ ಹಿಡಿದವನು. ಆ ಮೇಲೆ ಪೆನ್ಸಿಲು ಹಿಡಿದ. ೧೯೬೦ರಲ್ಲಿ ಕೆನೆಡಿ ನಿಕ್ಸನ್ನರ ಟೆಲಿವಿಷನ್ ವಾದದ ವೇಳೆ ಅವನ ದುಂಡುಕುರ್ಚಿ ಅಮೆರಿಕದ ಮನೆಮನೆಗಳಲ್ಲಿ ಕಾಣಿಸಿಕೊಂಡಿತು.

ಅವನದೇ ಇನ್ನೊಂದು ಊಟದ ಕುರ್ಚಿ ‘ವಿಶ್‌ಬೋನ್’. ಅದು ೧೯೫೦ರಿಂದ ಇಂದಿನ ವರೆಗೆ ನಿಲ್ಲದೆ ತಯಾರಾಗುತ್ತಿದೆ. ಕಾಗದದ ಹುರಿಯಿಂದ ಹೆಣೆದ ಅದರ ಪೀಠಕ್ಕೆ ಸುಮಾರು ೧೨೦ ಮೀಟರು ಹುರಿ ಬೇಕು. ಪಳಗಿದ ಕೈಗೂ ಒಂದು ಗಂಟೆಯ ಕೆಲಸ. ಎಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಬೇಡಿಕೆ ಇದ್ದುದರಿಂದ ಹೆಣೆಯುವವರ ಪರಂಪರೆ ಕಡಿಯಲಿಲ್ಲ. ಹಳೆಯ ಕುರ್ಚಿಯೂ ಬೆಲೆಬಾಳುತ್ತದೆ, ಹೊಸ ಕುರ್ಚಿಯೂ ಸಿಗುತ್ತದೆ. ಹೀಗಾಗಿ ಹಳೆಯದು ಹರಾಜಿಗೆ ಹೋದರೆ ಯಾರೂ ಕಣ್ಣೀರಿಡುವುದಿಲ್ಲ.

ನಮ್ಮಲ್ಲಿ ನಡೆದದ್ದೇನು? ಬಡಗಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಟೆಂಡರು ಹಿಡಿದ ಗುತ್ತಿಗೆದಾರನ ಹೆಸರು ಯಾವುದೋ ಕಡತದಲ್ಲಿದ್ದರೆ ಇದ್ದೀತು; ಉಳಿ ಹಿಡಿದವನದು ಅಲ್ಲಿಯೂ ಇರಲಾರದು. ಬೆತ್ತ ಹೆಣೆಯುವ ಕಸುಬನ್ನು ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದರು. ಬೆರಳ ತುದಿಯಲ್ಲಿ ಕಣ್ಣಿದ್ದ ಆ ಜನರಿಗೆ ಸರಕಾರಿ ಕಚೇರಿಗಳಲ್ಲಿ ಅದಕ್ಕೆಂದೇ ಹುದ್ದೆಗಳಿದ್ದವು. ಪ್ಲಾಸ್ಟಿಕ್ಕಿನ ಕುರ್ಚಿಯೂ ಉಕ್ಕಿನ ಕುರ್ಚಿಯೂ ಬಂದ ಮೇಲೆ ಬೆತ್ತ ಹರಿದ ಕುರ್ಚಿಗೆ ಮತ್ತೆ ಬೆತ್ತ ಹಾಕಿಸುವ ತೊಂದರೆಯನ್ನು ಯಾವ ಅಧಿಕಾರಿ ವಹಿಸಿಕೊಂಡಾನು? ದುರಸ್ತಿಗೆ ಬೇಕಾದ ಹತ್ತು ರೂಪಾಯಿಗೆ ಹತ್ತು ಸಹಿ. ಹೊಸತಕ್ಕೆ ಬೇಕಾದ ಸಾವಿರಕ್ಕೂ ಅಷ್ಟೇ ಸಹಿ. ಹೀಗೆ ಕುರ್ಚಿಗಳು ರಾಶಿ ರಾಶಿಯಾಗಿ ಮಹಡಿಗಳನ್ನೂ ಮೆಟ್ಟಿಲ ಕೆಳಗಿನ ಮೂಲೆಗಳನ್ನೂ ಸೇರಿ, ಕಡೆಗೆ ಸೌದೆಯ ಬೆಲೆಗೆ ಸರಕಾರದ ಹರಾಜಿನಲ್ಲೇ ಹೋದವು.

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಎರಿಕ್ ಟುಷಲೋಮ್ ಮೊದಲಾದ ಪ್ಯಾರಿಸ್ಸಿನ ವರ್ತಕರು ಚಂಡೀಗಢಕ್ಕೆ ಬರತೊಡಗಿದರು. ಅವರು ಕೊಂಡದ್ದು ಬಹುಪಾಲು ಬಹಿರಂಗ ಹರಾಜಿನಲ್ಲಿ, ರಶೀದಿ ಪಡೆದು. ಕೊಂಡುದನ್ನು ತಮ್ಮ ದೇಶಕ್ಕೊಯ್ದು, ಉಜ್ಜಿ, ಮೆರುಗು ಕೊಟ್ಟು, ಬೆತ್ತ ಹೆಣೆಸಿ, ಚಿತ್ರಗಳೊಡನೆ ಗ್ರಂಥಗಳನ್ನು ಅಚ್ಚುಹಾಕಿಸಿ, ೨೦೦೭ರ ವೇಳೆಗೆ ನ್ಯೂಯಾರ್ಕಿನ ದೊಡ್ಡ ಹರಾಜು ಮನೆಗಳ ವರೆಗೆ ಮುಟ್ಟಿಸಿದರು. ಅಮೆರಿಕದ ಕಲಾವಿದೆ ಏಮಿ ಸೀಗೆಲ್ ೨೦೧೩ರಲ್ಲಿ ಈ ಪಯಣವನ್ನು ಹಿಂದುಮುಂದಾಗಿಸಿ ಒಂದು ಚಲನಚಿತ್ರ ಮಾಡಿದಳು: ಸಿರಿವಂತರ ಮನೆಯಿಂದ ಹರಾಜು ಮನೆಗೆ, ಅಲ್ಲಿಂದ ದುರಸ್ತಿಯ ಅಂಗಡಿಗೆ, ಹಡಗಿಗೆ, ಕೊನೆಗೆ ಚಂಡೀಗಢದ ಕಚೇರಿಗಳಿಗೆ. ಆ ಚಿತ್ರವನ್ನೂ ಅದೇ ವರ್ಷ ಲಂಡನ್ನಿನಲ್ಲಿ ಹರಾಜು ಹಾಕಿಸಿದಳೆಂಬುದು ಅವಳ ವಿನೋದಪ್ರಜ್ಞೆಗೆ ಸಾಕ್ಷಿ.

ಕೇಂದ್ರದ ಗೃಹಮಂತ್ರಾಲಯ ಎಚ್ಚೆತ್ತು, ಇಂಥ ವಸ್ತುಗಳ ವಿಲೇವಾರಿಯನ್ನು ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿದ್ದು ೨೦೧೧ರಲ್ಲಿ. ಚಂಡೀಗಢದಲ್ಲಿ ಉಳಿದುದನ್ನು ಎಣಿಸಿ ೧೨,೭೯೩ ವಸ್ತುಗಳ ಪಟ್ಟಿಯೂ ಆಯಿತು. ಅದರ ನಂತರವೂ ಕಳವಿನ ಪ್ರಕರಣಗಳು ವರದಿಯಾಗಿವೆ. ವಿದೇಶಗಳ ಹರಾಜುಗಳಂತೂ ನಿಂತಿಲ್ಲ. ಪ್ರತಿ ಹರಾಜಿನ ಸುದ್ದಿ ಬಂದಾಗಲೂ ದೂರು ಹೋಗುತ್ತದೆ, ಪತ್ರ ಹೋಗುತ್ತದೆ. ಆದರೆ ನ್ಯಾಯಬದ್ಧವಾಗಿ ಕೊಂಡ ವಸ್ತುವನ್ನು ಕದ್ದ ಮಾಲೆಂದು ಯಾವ ನ್ಯಾಯಾಲಯವೂ ಹೇಳುವಂತಿಲ್ಲ. ನಾವೇ ಮಾರಿದ್ದನ್ನು ಲೂಟಿಯೆನ್ನುವುದು ನಮ್ಮ ಗೌರವಕ್ಕೆ ತಕ್ಕುದಲ್ಲ. ಕದ್ದುದು ಯಾವುದು, ಮಾರಿದುದು ಯಾವುದು ಎಂದು ಬಿಡಿಬಿಡಿಯಾಗಿ ತೋರಿಸಬಲ್ಲ ದಾಖಲೆ ನಮ್ಮಲ್ಲಿದ್ದರೆ ಮಾತು ಬೇರೆಯಾಗುತ್ತಿತ್ತು.

ಕಾನೂನಿನ ತೊಡಕನ್ನೂ ನೋಡಬೇಕು. ನಮ್ಮ ೧೯೭೨ರ ಪ್ರಾಚೀನವಸ್ತು ಮತ್ತು ಕಲಾನಿಧಿ ಶಾಸನದ ಪ್ರಕಾರ ಇಂಥ ವಸ್ತು ಪ್ರಾಚೀನವೆನಿಸಿಕೊಳ್ಳಲು ನೂರು ವರ್ಷ ತುಂಬಿರಬೇಕು. ಸಾಂಸ್ಕೃತಿಕ ಸಂಪತ್ತಿನ ಅಕ್ರಮ ಸಾಗಣೆಯನ್ನು ತಡೆಯುವ ಯುನೆಸ್ಕೋ ಒಪ್ಪಂದವೂ (೧೯೭೦) ಪೀಠೋಪಕರಣದ ವಿಷಯದಲ್ಲಿ ನೂರು ವರ್ಷವೆಂದೇ ಹೇಳುತ್ತದೆ. ೧೯೫೫ರಲ್ಲಿ ಮಾಡಿದ ಕುರ್ಚಿ ೨೦೫೫ರ ವರೆಗೆ ಹಳೆಯ ಸಾಮಾನು ಮಾತ್ರ. ಚಂಡೀಗಢದ ಕ್ಯಾಪಿಟಲ್ ಸಮುಚ್ಚಯವು ೨೦೧೬ರಲ್ಲಿ, ಏಳು ದೇಶಗಳಲ್ಲಿ ಹರಡಿದ ಕಾರ್ಬೂಸಿಯೆಯ ಹದಿನೇಳು ಕೃತಿಗಳಲ್ಲಿ ಒಂದಾಗಿ, ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಗೋಡೆಗೆ ರಕ್ಷಣೆ ದೊರೆಯಿತು, ಗೋಡೆಯ ನಡುವೆ ಇದ್ದುದಕ್ಕೆ ದೊರೆಯಲಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಅದೇ ೧೯೭೨ರ ಶಾಸನದಲ್ಲಿ ‘ಕಲಾನಿಧಿ’ ಎಂಬ ಇನ್ನೊಂದು ವರ್ಗವಿದೆ. ನೂರು ವರ್ಷವಾಗದಿದ್ದರೂ, ಕರ್ತೃ ಜೀವಂತನಾಗಿಲ್ಲದಿದ್ದರೆ, ಕಲಾಮೌಲ್ಯವನ್ನು ಗಮನಿಸಿ ಕೇಂದ್ರ ಸರಕಾರವು ಕೃತಿಯೊಂದನ್ನು ಕಲಾನಿಧಿಯೆಂದು ಘೋಷಿಸಬಹುದು. ಘೋಷಿಸಿದ ಮೇಲೆ ಅದನ್ನು ದೇಶದ ಹೊರಗೆ ಮಾರುವಂತಿಲ್ಲ. ರವೀಂದ್ರನಾಥ ಠಾಕೂರ್, ನಂದಲಾಲ ಬಸು, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ರಾಜಾ ರವಿವರ್ಮ ಮೊದಲಾದ ಒಂಬತ್ತು ಮಂದಿ ಚಿತ್ರಕಾರರ ಕೃತಿಗಳಿಗೆ ಈ ರಕ್ಷಣೆಯಿದೆ. ಅವರಲ್ಲೊಬ್ಬ ನಿಕೊಲಾಸ್ ರೋರಿಕ್, ಹುಟ್ಟಿನಿಂದ ರಷ್ಯನ್ನನು. ವಿದೇಶೀಯನ ವಿನ್ಯಾಸವೆಂಬ ಕಾರಣ ಅಡ್ಡಿಯಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ? ನೂರಾರು ಪ್ರತಿಗಳಾಗಿ ಹುಟ್ಟಿದ ಕುರ್ಚಿಯನ್ನು ‘ಕಲಾಕೃತಿ’ ಎನ್ನಬಹುದೆ ಎಂಬ ವಾದ ಏಳುವುದು ಸಹಜ. ಏಳಲಿ, ಅದು ಶಾಸನಸಭೆಯಲ್ಲೋ ನ್ಯಾಯಾಲಯದಲ್ಲೋ ಇತ್ಯರ್ಥವಾಗಲಿ. ಪ್ರತಿ ವರ್ಷ ರಾಯಭಾರಿಗಳಿಗೆ ದೂರು ಬರೆಯುವುದಕ್ಕಿಂತ ಅದು ಮೇಲು.

ಆದರೆ ಪಟ್ಟಿಗೆ ಸೇರಿಸಿ ಬೀಗ ಹಾಕಿಟ್ಟರೆ ಸಾಕೆ? ಈ ಪ್ರಶ್ನೆ ನನಗೆ ಕಾನೂನಿಗಿಂತ ದೊಡ್ಡದೆಂದು ತೋರುತ್ತದೆ. ಕುರ್ಚಿ ಉಳಿದು ಕೈಕಸುಬು ಅಳಿದರೆ ಉಳಿದದ್ದು ಹೆಣ. ಇಟಲಿಯ ಕಸ್ಸೀನಾ ಎಂಬ ಕಾರ್ಖಾನೆ ೨೦೧೯ರಿಂದ ಜನೆರೆಗೆ ಗೌರವಾರ್ಥವೆಂದು ಇದೇ ಮಾದರಿಯ ಕುರ್ಚಿಗಳನ್ನು ತಯಾರಿಸಿ ಮಾರುತ್ತಿದೆ. ನಮ್ಮ ಬೆಂಗಳೂರಿನಲ್ಲಿಯೂ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಾರ್ಯಾಗಾರವು ಚಂಡೀಗಢದ ವಿನ್ಯಾಸಗಳನ್ನು ಮತ್ತೆ ಕೈಗೆತ್ತಿಕೊಂಡು, ಬಡಗಿಗಳನ್ನೂ ಬೆತ್ತ ಹೆಣೆಯುವವರನ್ನೂ ಕೂಡಿಸಿ, ದೇಶವಿದೇಶಗಳಿಗೆ ಕಳುಹಿಸುತ್ತಿದೆ. ಅದರ ಬೆಲೆ ಸಾಮಾನ್ಯ ಸಂಸಾರದ ಕೈಗೆ ಎಟಕುವಂಥದಲ್ಲ. ಗುಮಾಸ್ತನ ಕುರ್ಚಿ ಗುಮಾಸ್ತನಿಗೆ ಮತ್ತೆಂದೂ ದಕ್ಕದೆಂಬ ವ್ಯಂಗ್ಯ ಇಲ್ಲಿಯೂ ಇದೆ. ಆದರೂ ಉಳಿ ಹಿಡಿಯಲು ಕಲಿತ ತರುಣನಿಗೆ ತಿಂಗಳ ಸಂಬಳ ಸಿಗುವ ಒಂದು ಎಡೆ ಹುಟ್ಟಿತಷ್ಟೆ, ಅದನ್ನು ಅಲ್ಲಗಳೆಯಲಾಗದು.

ಮರದ ಕೊರತೆಯಂತೂ ಬೇರೆಯೇ ಕಥೆ. ಬರ್ಮಾ ದೇಶ ೨೦೧೪ರಲ್ಲಿ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. ೨೦೨೧ರ ಸೈನಿಕ ಕ್ರಾಂತಿಯ ಬಳಿಕ ಅಲ್ಲಿನ ಸರಕಾರಿ ಮರದ ಸಂಸ್ಥೆಯ ಮೇಲೆ ಅಮೆರಿಕ ಮತ್ತು ಯುರೋಪು ನಿರ್ಬಂಧ ಹೇರಿದವು. ನಮ್ಮ ಬೀಟೆಯೂ ಶೀಶಮ್ಮೂ ೨೦೧೭ರಿಂದ ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿವೆ. ಕಾಡು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹೀಗಿರುವಾಗ ಒಳ್ಳೆಯ ಕುಶಲಿಗೆ ಇಂದು ದೊರೆಯುವ ಹಳೆಯ ಸಾಗುವಾನಿಯೆಂದರೆ ಕೆಡವಿದ ಮನೆಗಳ ತೊಲೆ, ಕಂಬ, ಬಾಗಿಲುಗಳು. ಹಳೆಯ ಹಳ್ಳಿಮನೆಗಳು ಉರುಳಿದಾಗಲೆಲ್ಲ ಅವುಗಳ ಮರ ಲಾರಿಯೇರಿ ಪೇಟೆಗೆ ಬರುತ್ತದೆ. ಮೊಳೆಗಳನ್ನು ಕೀಳಿಸಿ, ಕಪ್ಪಾದ ಮೇಲ್ಮೈಯನ್ನು ಕೀಸಿದೊಡನೆ ಒಳಗಿನ ಹೊಂಬಣ್ಣ ಹೊಳೆಯುತ್ತದೆ. ದಶಕಗಳ ಕಾಲ ಒಣಗಿದ ಆ ಮರ ಹೊಸ ಹಲಗೆಯಂತೆ ಬಾಗುವುದಿಲ್ಲ.

ಚಂಡೀಗಢದ ಪಟ್ಟಿಯಲ್ಲಿರುವ ಹನ್ನೆರಡು ಸಾವಿರ ಚಿಲ್ಲರೆ ವಸ್ತುಗಳಲ್ಲಿ ಹಲವು ಇಂದಿಗೂ ಕಚೇರಿ, ಗ್ರಂಥಾಲಯಗಳಲ್ಲಿ ದಿನಬಳಕೆಯಲ್ಲಿವೆ. ಅವಕ್ಕೆ ವರ್ಷವರ್ಷವೂ ಬೆತ್ತ ಬೇಕು, ಎಣ್ಣೆ ಬೇಕು, ಸಡಿಲವಾದ ಸಂದನ್ನು ಬಿಚ್ಚಿ ಮತ್ತೆ ಕೂಡಿಸುವ ಕೈ ಬೇಕು. ನಗರದ ಆಡಳಿತ ತನ್ನದೇ ಒಂದು ದುರಸ್ತಿಶಾಲೆಯನ್ನು ತೆರೆದು ಹತ್ತು ಮಂದಿ ಬಡಗಿಗಳನ್ನೂ ಹತ್ತು ಮಂದಿ ಹೆಣೆಯುವವರನ್ನೂ ನೇಮಿಸಿಕೊಂಡರೆ ಅದರ ಖರ್ಚು ವಿದೇಶದ ಹರಾಜಿನಲ್ಲಿ ಕೆಲವೇ ಜೊತೆ ಕುರ್ಚಿಗಳಿಗೆ ಬರುವ ಬೆಲೆಯಷ್ಟೂ ಆಗಲಾರದು. ಆ ಶಾಲೆಯಿಂದ ಹೊರಬೀಳುವ ಪ್ರತಿ ಕುರ್ಚಿಯ ಅಡಿಯಲ್ಲಿ, ಕಚೇರಿಯ ಸಂಖ್ಯೆಯ ಪಕ್ಕದಲ್ಲಿ, ದುರಸ್ತಿ ಮಾಡಿದವನ ಹೆಸರನ್ನೂ ಇಸವಿಯನ್ನೂ ಬರೆಸಬಹುದು. ಅದಕ್ಕೆ ಬೇಕಾದ್ದು ಒಂದು ಕುಂಚ, ತುಸು ಬಿಳಿಯ ಬಣ್ಣ.